ಹಗೇವಿಗೆ ಇಳಿಸಿದ ಟಾರ್ಚು

ಸೊಂಟದ ಹಗ್ಗ ಬಿಚ್ಚಿ ಎಸೆದೆ. ಬಗ್ಗಿ ಬುಟ್ಟಿ ತುಂಬುವಾಗ ಅದು ಅಡ್ಡ ಬರುತ್ತಿತ್ತು.

ನಾನು ಹಗೇವಿನ ತಳದಲ್ಲಿದ್ದೆ. ಹಗೇವು ಅಂದರೆ ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಒಬ್ಬ ಮೈ ಕುಗ್ಗಿಸಿಕೊಂಡು ಇಳಿಯುವಷ್ಟು. ಒಳಗೆ ಗುಡಾಣದ ಹಾಗೆ ಅಗಲ. ಎರಡಾಳು ಆಳ. ಗೋಡೆಗೆ ಕೈಕಾಲು ಕೊಟ್ಟು ಹತ್ತಲು ಆಗುವುದಿಲ್ಲ. ಮೇಲಿನವರು ಎಳೆದರೆ ಹೊರಗೆ, ಇಲ್ಲದಿದ್ದರೆ ಇಲ್ಲ.

ಮನೆ ಕೆಂಪಾಪುರದ ಹಳೇ ಊರಿನಲ್ಲಿತ್ತು. ಹೆಂಚಿನ ಸೂರು, ಮಣ್ಣಿನ ಗೋಡೆ, ಕಲ್ಲಿನ ಕಂಬ. ಸುತ್ತ ಐದು ಅಂತಸ್ತಿನ ಕಟ್ಟಡಗಳು ಎದ್ದು ಅದಕ್ಕೆ ಬಿಸಿಲೇ ಇರಲಿಲ್ಲ. ಓನರ್ ಹುಟ್ಟಿದ್ದು ಅದೇ ಮನೆಯಲ್ಲಿ, ಈಗ ಬಿಲ್ಡರ್. ಅದನ್ನು ಕೆಡವದೆ ಪಿಜಿ ಮಾಡುವುದು ಅವರ ಲೆಕ್ಕ. 'ಹಳೇ ಮನೆ ಅಂದ್ರೆ ಈಗಿನ್ ಹುಡುಗ್ರು ಸಾಯ್ತಾರೆ ಕಣೋ' ಅನ್ನುತ್ತಿದ್ದರು. ದನದ ಕೊಟ್ಟಿಗೆ ಮೆಸ್ಸು, ನಡುಮನೆ ಆರು ಮಂಚದ ರೂಮು. ಒಡೆಯುವ ಕೆಲಸ ನನಗೂ ನನ್ನ ಜೊತೆಗಾರನಿಗೂ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬ್ರೇಕರ್ ಮಷೀನ್ ಹಿಡಿಯುವುದು ಬರುತ್ತದೆ, ಅಷ್ಟೇ.

ಅವತ್ತು ನಡುಮನೆಯ ನೆಲ ಒಡೆಯುವಾಗ ಒಂದು ಚಪ್ಪಡಿ ಸಿಕ್ಕಿತು. ಕೆಳಗೆ ಟೊಳ್ಳು ಸದ್ದು. ಎತ್ತಿದರೆ ಹಗೇವು.

ಓನರ್‌ಗೆ ಖುಷಿಯೋ ಖುಷಿ. "ನೀರಿನ್ ಸಂಪು ತೋಡೋ ಕೆಲ್ಸ ಉಳೀತು ನೋಡ್ರೋ. ಕಸ ತೆಗ್ದು ಪ್ಲಾಸ್ಟರ್ ಹೊಡೀರಿ."

ಅವರ ತಾಯಿ ದಿನಾ ಬಂದು ಜಗಲಿ ಮೇಲೆ ಕೂತು ನಮ್ಮ ಕೆಲಸ ನೋಡುತ್ತಿದ್ದರು. ಆ ಅಜ್ಜಿ ಕೋಲು ಊರಿಕೊಂಡು ಒಳಗೆ ಬಂದರು. "ಅಗೇವಿಗೆ ಅಂಗೇ ಇಳೀಬಾರ್ದು ಕಣ್ರೋ. ಮೊದ್ಲು ದೀಪ ಬಿಡ್ರಿ."

"ಈಗ ಯಾರವ್ವಾ ದೀಪ ಹಚ್ಚೋರು?" ಅಂದರು ಓನರ್. "ಲೇ, ಟಾರ್ಚ್ ಬಿಡೋ."

ಜೊತೆಗಾರ ಮೊಬೈಲಿನ ಟಾರ್ಚ್ ಹಾಕಿ, ದಾರ ಕಟ್ಟಿ ಕೆಳಗೆ ಬಿಟ್ಟ. ತಳದವರೆಗೂ ಬೆಳ್ಳಗೆ ಕಂಡಿತು. ಕೊಳೆತು ಕಪ್ಪಾದ ರಾಗಿ, ಹುಲ್ಲು, ಒಂದು ಮುರಿದ ಮೊರ.

"ಫುಲ್ ಕ್ಲಿಯರ್ ಗುರು. ಅಜ್ಜಿ, ನಿಮ್ ದೀಪಕ್ಕಿಂತ ಚೆನ್ನಾಗ್ ಉರೀತೈತೆ ನೋಡಿ!"

"ದೀಪ ನೋಡಕ್ಕಲ್ಲ ಕಣೋ..."

"ಸುಮ್ನಿರವ್ವಾ ಸಾಕು," ಅಂದರು ಓನರ್. ನಾನೂ ನಕ್ಕೆ. ನಕ್ಕುಕೊಂಡೇ ಇಳಿದೆ.

ಒಂದು ಬುಟ್ಟಿ ಮೇಲೆ ಹೋಯಿತು. ಇನ್ನೊಂದು ಹೋಯಿತು. ಹಗ್ಗ ಬಿಚ್ಚಿದ್ದು ಆಮೇಲೆ. ಮೂರನೆಯದಕ್ಕೆ ಕುಕ್ಕರಗಾಲಲ್ಲಿ ಕೂತಾಗ ತಲೆ ಸಿಡಿಯತೊಡಗಿತು. ಓಡಿ ಬಂದವನಂತೆ ಉಸಿರು. ಎಷ್ಟು ಎಳೆದುಕೊಂಡರೂ ಸಾಲದು. ಏಳೋಣ ಅಂದರೆ ಕಾಲು ನನ್ನವಲ್ಲ. ಮೇಲೆ ನೋಡಿದೆ, ಹಗೇವಿನ ಬಾಯಿ ಊಟದ ತಟ್ಟೆಯಷ್ಟಿತ್ತು. ಕೂಗಬೇಕು ಅಂತ ಗೊತ್ತು, ಸದ್ದು ಬರಲಿಲ್ಲ. ಟಾರ್ಚು ಮಾತ್ರ ನನ್ನ ಮುಖದ ಪಕ್ಕ ನೇತಾಡುತ್ತಾ ಚೆನ್ನಾಗಿಯೇ ಉರಿಯುತ್ತಿತ್ತು. ಅದಕ್ಕೆ ಉಸಿರು ಬೇಕಿಲ್ಲವಲ್ಲ.

"ಲೇ ಮಗಾ, ಬುಟ್ಟಿ ಎಳೀಲಾ? ಮಲ್ಕೊಂಡ್ಯಾ ಏನ್?" ಜೊತೆಗಾರ ಬಗ್ಗಿ ನೋಡಿದ. ಅವನ ನಗು ನಿಂತಿತು. "ಏ, ಇವ್ನಿಗೇನೋ ಆಗೈತೆ! ತಡಿ, ಬಂದೆ!"

ಮೇಲೆ ಕೋಲಿನ ಏಟು ಕೇಳಿಸಿತು. ಅಜ್ಜಿ ಅವನಿಗೇ ಹೊಡೆದದ್ದು. "ನೀನೂ ಇಳುದ್ರೆ ಎರಡು ಎಣ ಎತ್ಬೇಕಾಯ್ತದೆ. ಅಗ್ಗಕ್ಕೆ ಕುಣಿಕೆ ಆಕಿ ಬಿಡು!" ಆಮೇಲೆ ನನಗೆ: "ಎದ್ ನಿಂತ್ಕಳೋ! ಕೆಟ್ ಗಾಳಿ ತಳದಾಗಿರ್ತೈತೆ, ಕೂತ್ರೆ ಸತ್ತೆ! ಯಾರ್ ಮನ್ಯಾಗೋ ಸಾಯ್ತೀಯಾ ಮುಂಡೇದೇ? ನನ್ ಮನ್ಯಾಗಾ? ಏಳೋ!"

ಆ ಬೈಗುಳಕ್ಕೇ ಎದ್ದೆ ಅನ್ನಿಸುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಜಾರಿ, ಮತ್ತೆ ಎದ್ದೆ. ಅಷ್ಟರಲ್ಲಿ ಜೊತೆಗಾರ ಧೂಳು ಊದುವ ಬ್ಲೋವರ್ ತಂದು ಅದರ ಮೂತಿ ಒಳಗೆ ಬಿಟ್ಟ. ಕಣ್ಣಿಗೆ, ಬಾಯಿಗೆ ಕೊಳೆತ ರಾಗಿ ಹಾರಿತು. ಆದರೂ ಗಾಳಿ. ಕುಣಿಕೆಯೊಳಗೆ ತಲೆ, ಎರಡು ಕೈ ತೂರಿಸಿದೆ. ಓನರ್ ಮತ್ತು ಅವನು ಸೇರಿ ಎಳೆದರು.

ಹಗೇವಿನ ಬಾಯಿಯಲ್ಲಿ ಸಿಕ್ಕಿಹಾಕಿಕೊಂಡೆ. ತಲೆ ಮನೆಯೊಳಗೆ, ಮೈ ಗುಂಡಿಯೊಳಗೆ. ಇಳಿಯುವಾಗ ಹಿಡಿಸಿದ್ದ ಬಾಯಿ ಈಗ ಹಿಡಿಸಲಿಲ್ಲ, ಭುಜ ಕುಗ್ಗಿಸುವ ಶಕ್ತಿ ನನಗಿರಲಿಲ್ಲ. ಕಣ್ಣೆದುರು ಓನರ್ ಶೂ. ಅವರು "ದೇವ್ರೇ ದೇವ್ರೇ" ಅನ್ನುತ್ತಾ ಎಳೆದರು. ಭುಜದ ಚರ್ಮ ಕಿತ್ತುಕೊಂಡು ಹೊರಗೆ ಬಂದೆ. ಅಂಗಳದಲ್ಲಿ ವಾಂತಿ ಮಾಡಿದೆ.

ಚಪ್ಪಡಿ ಮುಚ್ಚಿದರು. ಮಾರನೇ ಬೆಳಿಗ್ಗೆ ಅದನ್ನು ಸರಿಸಿ ಅಜ್ಜಿ ತಾವೇ ಒಂದು ಎಣ್ಣೆ ದೀಪ ಹಚ್ಚಿ ಇಳಿಸಿದರು. ತಳ ಮುಟ್ಟುವ ಮೊದಲೇ ಅದು ಸಣ್ಣಗಾಗಿ ಆರಿಹೋಯಿತು. ಅಜ್ಜಿ ಮಗನ ಕಡೆ ತಿರುಗಿದರು. "ದೀಪ ಬಿಡಾದು ನೋಡಕ್ಕಲ್ಲ. ನಮ್ ಬದ್ಲು ಸಾಯ್ಲಿ ಅಂತ."

ಓನರ್ ಬಗ್ಗಿ ಆರಿದ ದೀಪ ಮೇಲೆಳೆದರು. ಆಮೇಲೆ, "ಮೂರ್ ದಿನ ಬಾಯಿ ತೆಗ್ದಿಟ್ಟು ಬ್ಲೋವರ್ ಬಿಡಿ. ಆಮೇಲ್ ಇಳೀರಿ," ಅಂದರು. ಸಂಪಿನ ಆಸೆ ಅವರು ಬಿಟ್ಟಿರಲಿಲ್ಲ.

ಆಗಲ್ಲ ಸಾರ್ ಅನ್ನಬೇಕು ಅಂದುಕೊಂಡೇ ನಾಲ್ಕನೇ ದಿನ ಹೋದೆ. ದೀಪ ಇಳಿಸಿದರು, ತಳದಲ್ಲೂ ಉರಿಯಿತು. ಜೊತೆಗಾರ ತನ್ನ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದ. ನಾಗಸಂದ್ರದಲ್ಲಿ ಅವನ ಮನೆ, ಮೂರು ತಿಂಗಳ ಮಗಳು. ನಾನು ಆಗಲ್ಲ ಅಂದರೆ ಅವನು ಇಳಿಯುತ್ತಾನೆ. ಅವನ ಕೈಯಿಂದ ಹಗ್ಗ ಕಿತ್ತುಕೊಂಡೆ.

"ಬ್ಯಾಡ ಕಣೋ," ಅಂದ.

"ಮುಚ್ಕೊಂಡ್ ಹಗ್ಗ ಹಿಡ್ಕೋ," ಅಂದೆ.

ಐದು ದಿನ ಒಳಗೆ ಕೆಲಸ ಮಾಡಿದೆ. ಕಸ ತೆಗೆದೆ, ಪ್ಲಾಸ್ಟರ್ ಹೊಡೆದೆ. ಹಗ್ಗ ಬಿಚ್ಚಲಿಲ್ಲ. ದೀಪ ಕಾಲ ಹತ್ತಿರವೇ ಇಟ್ಟುಕೊಂಡಿದ್ದೆ, ಗೋಡೆಗಿಂತ ಹೆಚ್ಚು ಅದನ್ನೇ ನೋಡಿದೆ. ಹಾಗಾಗಿ ಪ್ಲಾಸ್ಟರ್ ಡೊಂಕಾಗಿದೆ. ಈಗ ಅಲ್ಲಿ ನೀರು ನಿಂತಿದೆ, ಯಾರಿಗೂ ಕಾಣುವುದಿಲ್ಲ. ಪಿಜಿ ಹುಡುಗರು ಆ ನೀರಲ್ಲೇ ಸ್ನಾನ ಮಾಡುತ್ತಾರೆ.

ಈಗ ನಾನು ಲಿಫ್ಟ್ ಹತ್ತುವುದಿಲ್ಲ. ಸೈಟಿನಲ್ಲಿ ಬ್ರೇಕರ್ ಹೊತ್ತು ಐದು ಅಂತಸ್ತು ಮೆಟ್ಟಿಲು ಹತ್ತುತ್ತೇನೆ, ನೋಡಿದವರು ನಗುತ್ತಾರೆ. ಚೀಲದಲ್ಲಿ ಉಳಿ, ಸುತ್ತಿಗೆ ಜೊತೆ ಒಂದು ದೀಪ, ಬೆಂಕಿಪೊಟ್ಟಣ ಇರುತ್ತವೆ. ಹೋದ ವಾರ ಯಶವಂತಪುರದಲ್ಲಿ ಹಳೇ ಗೋಡೌನನ್ನು ಜಿಮ್ ಮಾಡುವ ಕೆಲಸ. ಅಲ್ಲೂ ನೆಲದಡಿ ಒಂದು ಹಳೇ ಟ್ಯಾಂಕು ಸಿಕ್ಕಿತು. ಮೇಸ್ತ್ರಿ, "ಟಾರ್ಚ್ ಐತಲ್ಲ, ಇಳಿ," ಅಂದ. ನಾನು ದೀಪ ಹಚ್ಚಿ ಬಿಟ್ಟೆ. ಪೂಜೆ ಮುಗೀತಾ ಅಂತ ಕೇಳಿದ. ದೀಪ ಆರಲಿಲ್ಲ. ಹಗ್ಗದ ತುದಿ ಜೊತೆಗಾರನಿಗೆ ಕೊಟ್ಟು ಇಳಿದೆ.

ಅಷ್ಟೇ. ಇನ್ನು ಹೇಳಲು ಏನೂ ಇಲ್ಲ.