ಗಾಜಿನ ಬಚ್ಚಲು

“ಅಷ್ಟ ದೊಡ್ಡ ಬಂಗಲೇದಾಗ ನಿಮ್ಮ ಬೆನ್ನ ತಿಕ್ಕಾಕ ಯಾರೂ ಇರಲಿಲ್ಲೇನ್ರಿ, ಸಾಹೇಬ್ರ?”

ಬೆಳಿಗ್ಗೆ ಕೆರೆದಂಡೆಗೆ ಇಳಿದಾಗ, ಬಟ್ಟೆ ಹಿಂಡುತ್ತಿದ್ದ ಅಜ್ಜಿ ಕೇಳಿದ ಮೊದಲ ಪ್ರಶ್ನೆ ಇದು. ಪಕ್ಕದಲ್ಲೇ ಇದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

ಖಾನಾಪುರದ ಹತ್ತಿರ, ಕೆರೆಯ ಮೇಲಿನ ಗುಡ್ಡದಲ್ಲಿ ನಾವು ರಜೆಗೆಂದು ತಂಗಿದ್ದ ಆ ಐಷಾರಾಮಿ ವಿಲ್ಲಾದಲ್ಲಿ ಬಚ್ಚಲಿಗೂ ಗೋಡೆಯ ಬದಲು ಗಾಜು. “ಒಳಗಿಂದ ಕೆರಿ ಕಾಣತೈತಿ, ಹೊರಗಿನವ್ರಿಗೆ ಏನೂ ಕಾಣಂಗಿಲ್ರಿ” ಎಂದು ಮ್ಯಾನೇಜರ್ ಹೆಮ್ಮೆಯಿಂದ ಹೇಳಿದ್ದರು. ಹೊರಗೆ ಕತ್ತಲಾಗಿ ಒಳಗೆ ದೀಪ ಹಚ್ಚಿದರೆ ಆ ಗಾಜು ಪಕ್ಷ ಬದಲಿಸುತ್ತದೆ ಎಂಬುದನ್ನು ಮಾತ್ರ, ಪಾಪ, ಮರೆತಿದ್ದರು. ವಡಗಾವಿಯ ಓಣಿಯ ನಮ್ಮ ಮನೆಯಲ್ಲಿ ಬಚ್ಚಲ ಕಿಟಕಿಗೆ ಹಳೇ ಪೇಪರು ಅಂಟಿಸಿ, ಅದರ ಮೇಲೆ ಟವೆಲನ್ನೂ ಸಿಕ್ಕಿಸಿ ಸ್ನಾನ ಮಾಡುವ ಮರ್ಯಾದಸ್ಥ ನಾನು. ಅಂಥವನು ಹಿಂದಿನ ಸಂಜೆ ಇದ್ದಬದ್ದ ದೀಪಗಳನ್ನೆಲ್ಲ ಹಚ್ಚಿ, ಅಭಂಗ ಹಾಡುತ್ತ, ಸೋಪಿನ ಕೈಯಲ್ಲೇ ತಾಳ ಹಾಕುತ್ತ ಮಿಂದಿದ್ದೆ. ಎಮ್ಮೆ ಹೊಡೆದುಕೊಂಡು ಮನೆಗೆ ಹೊರಟವರೆಲ್ಲ ದಂಡೆಯ ಮೇಲೆ ನಿಂತುಬಿಟ್ಟಿದ್ದರಂತೆ. ಅಜ್ಜಿಗೆ ಮಾತ್ರ ನನ್ನ ಕೈ ಬೆನ್ನಿಗೆ ಎಟುಕದ್ದೇ ಚಿಂತೆ.

ಮನೆಗೆ ಬಂದವನೇ ಕಿಟಕಿಯ ಹಳೇ ಪೇಪರಿಗೆ ಕೈಮುಗಿದೆ. ಕೆರೆ ನೋಡಲೆಂದು ಬಾಡಿಗೆ ತೆತ್ತವನು ನಾನು. ಕೆರೆಯವರು ನನ್ನನ್ನು ಪುಕ್ಕಟೆ ನೋಡಿದರು.