ಮಳೆಗೆ ಮುಂಚಿನ ಇರುವೆ ಎಂದು ಹುಡುಕಿದವರು

ನಿದಿಯಾಗೆ ಬೇಕಾಗಿದ್ದುದು ಎರಡೇ ಎರಡು, ಆದರೆ ಅವು ಒಂದಕ್ಕೊಂದು ಹೊಂದುವಂಥವಲ್ಲ. ತಾನು ಮಾಡಿದ, ಜೇಡರ ಬಲೆಯಂಥ ಞಂದುತಿ ಕಸೂತಿಯನ್ನು ಊರೂರಿನವರೆಲ್ಲ ನೋಡಬೇಕು. ತನ್ನನ್ನು ಮಾತ್ರ ಒಂದು ನರಪಿಳ್ಳೆಯೂ ನೋಡಬಾರದು.

ಗಂಡ ಸಿರಿಲೊನ ಹೊಡೆತ ತಾಳಲಾರದೆ ಇತೌಗ್ವಾ ಊರಿನ ಮನೆ ಬಿಟ್ಟು, ಬಸ್ಸು ಹತ್ತಿ, ದೇಶದ ದಕ್ಷಿಣ ತುದಿಯ ಪಟ್ಟಣ ಎನ್ಕರ್ನಸಿಯೋನ್‌ಗೆ ಬಂದು ಬಿದ್ದವಳು ಅವಳು. ಜೊತೆಗೆ ತಂದದ್ದು ಒಂದು ಮರದ ಚೌಕಟ್ಟು, ಒಂದಿಷ್ಟು ನೂಲು, ಅತ್ತೆ ಕಲಿಸಿದ ವಿದ್ಯೆ. ಚಿಪಾ ರೊಟ್ಟಿ ಬೇಯಿಸಿ ಮಾರುವ ಬ್ಲಾಸಿದಮ್ಮನ ಒಲೆಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಬ್ಲಾಸಿದಮ್ಮನಿಗೆ ತಾನು ವಿಧವೆ ಅಂತ ಹೇಳಿದ್ದಳು. ಗಂಡ ಬದುಕಿದ್ದಾನೆ, ಸಿಕ್ಕರೆ ಕೊಂದೇಬಿಡುತ್ತೇನೆ ಅಂದಿದ್ದಾನೆ ಅಂತ ಯಾರಿಗೆ ತಾನೇ ಹೇಳುವುದು? ಬೀದಿಯಲ್ಲಿ ಯಾರಾದರೂ ಜೋರಾಗಿ ಕೆಮ್ಮಿದರೂ ಅವಳ ಎದೆ ಝಲ್ಲೆನ್ನುತ್ತಿತ್ತು. ಬಸ್ ನಿಲ್ದಾಣದಲ್ಲಿ ಕಸೂತಿ ಹರಡಿಕೊಂಡು ಕೂತರೆ ಬಂದುಹೋಗುವ ಗಂಡಸರ ಮುಖ ನೋಡುವುದರಲ್ಲೇ ದಿನ ಮುಗಿಯುತ್ತಿತ್ತು, ವ್ಯಾಪಾರ ಎಲ್ಲಿಂದ ಬರಬೇಕು!

ಅದಕ್ಕೇ ಮೂಲೆಯಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟಿದ್ದ ಮಿರ್ನಾ ಒಂದು ವೆಬ್‌ಸೈಟ್ ಮಾಡಿಕೊಡುತ್ತೇನೆ ಅಂದಾಗ ನಿದಿಯಾ ಒಪ್ಪಿದ್ದು. ಕೋಣೆಯೊಳಗೇ ಕೂತು ಮಾರಬಹುದಲ್ಲ! ಸೈಟ್ ಆಯಿತು, ಚಂದವಾಗಿಯೂ ಆಯಿತು. ಆದರೆ ಸರ್ಚ್‌ನಲ್ಲಿ ಎಷ್ಟು ಹುಡುಕಿದರೂ ಅದರ ಪತ್ತೆಯಿಲ್ಲ. ರಾಜಧಾನಿ ಅಸುನ್ಸಿಯೋನ್‌ನ ಒಬ್ಬ ಪರಿಣತ ಮಹಾಶಯನಿಗೆ ಮಿರ್ನಾ ಫೋನ್ ಮಾಡಿದಳು. ಮೊದಲ ಪುಟಕ್ಕೆ ತರುತ್ತೇನೆ ಅಂತ ಅವನು ಕೇಳಿದ ದುಡ್ಡಿಗೆ ಒಂದು ಹಸುವನ್ನೇ ಕೊಳ್ಳಬಹುದಿತ್ತು. ಇಂಥವರ ನಾಲಿಗೆಗೆ ಬೆಂಕಿ ಹಾಕ!

“ಅವನ್ಗೆ ಯಾಕಕ್ಕ ಸುರೀಬೇಕು? ಸರ್ಚ್‌ನೋರಿಗೆ ನಮ್ಮ ಸೈಟ್ ಐತೆ ಅಂತ ತಿಳಿಸೋಕೆ ಬಿಡಿಗಾಸೂ ಬೇಡ,” ಅಂದಳು ಮಿರ್ನಾ. “ನಾನೇ ತಿಳಿಸ್ತೀನಿ. ಅಡ್ರೆಸ್ ಹಾಕಿದ್ರೆ ಮ್ಯಾಪಿನಲ್ಲೂ ಬರುತ್ತೆ.”

“ಅಡ್ರೆಸ್ ಬೇಡ.”

“ಹೆಸ್ರಾದ್ರೂ?”

“ಹೆಸ್ರೂ ಬೇಡ. ಮುಖಾನೂ ಬೇಡ. ಕಸೂತಿ ಒಂದೇ ಸಾಕು.”

“ಅಯ್ಯ, ಇದೇನಕ್ಕ, ಬ್ಯಾಂಕ್ ದೋಚ್ಕೊಂಡು ಬಂದೋರ ಥರ ಆಡ್ತೀಯ!” ಮಿರ್ನಾ ನಕ್ಕಳು. “ಹೋಗ್ಲಿ. ಒಂದೊಂದು ಫೋಟೋ ಕೆಳಗೂ ಆ ನಮೂನೆ ಹೆಸರು ಬರಿ. ಬರೀ ‘ಕಸೂತಿ’ ಅಂದ್ರೆ ಸಾವಿರ ಜನ ಇದ್ದಾರೆ, ನೀನು ಕಳ್ದೋಗ್ತೀಯ. ನೀವು ಹೆಣೆಯೋರು ಏನಂತ ಕರೀತೀರೋ ಅದನ್ನೇ ಬರಿ.”

ನಿದಿಯಾ ಬರೆದಳು. ಸೀಬೆ ಹೂವು, ಹುತ್ತ, ಹಸುವಿನ ಹೆಜ್ಜೆ. ನಡುವಿನಿಂದ ಅಂಚಿಗೆ ಸಣ್ಣ ಸಣ್ಣ ಗಂಟು ಸಾಲಾಗಿ ಹರಿದು ಹೋಗುವ ಒಂದು ನಮೂನೆಯಿತ್ತು, ಅವಳ ಕೈಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಅದೇ. ಅದರ ಕೆಳಗೆ ‘ಮಳೆಗೆ ಮುಂಚಿನ ಇರುವೆ’ ಅಂತ ಬರೆದಳು. ನೀರಿಗೆ ನೀರು ಅಂದ ಹಾಗೆ, ಯೋಚನೆಯನ್ನೇ ಮಾಡದೆ ಬರೆದಳು.

ಕೆಲವು ವಾರಕ್ಕೆ ಸೈಟ್ ಸರ್ಚ್‌ನಲ್ಲಿ ಕಾಣಿಸಿತು, ಆರ್ಡರುಗಳೂ ಒಂದೊಂದಾಗಿ ಬಂದವು. ಲೂಕೆ ಪಟ್ಟಣದ ಯಾರೋ ಹುಡುಗಿ ಇರುವೆ ನಮೂನೆಯದೇ ಒಂದು ದುಂಡು ಕಸೂತಿ ಕೇಳಿದಳು. ನಿದಿಯಾ ಗಂಜಿ ಹಾಕಿ, ಒಣಗಿಸಿ, ಎಲ್ಲರೂ ಮಾಡುವ ಹಾಗೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದಳು. ಕಳಿಸುವವರ ಹೆಸರು ಕೇಳಿದಾಗ ಬ್ಲಾಸಿದಮ್ಮನ ಹೆಸರು ಕೊಟ್ಟಳು. ತಾನು ಬಲು ಜಾಣೆ ಅಂದುಕೊಂಡಳು ಪಾಪ.

ಬಸ್ಸು ಹೋದ ಮೇಲೆ ಮಿರ್ನಾ ತಣ್ಣನೆಯ ತೆರೆರೆ ಕಷಾಯ ಕುಡಿಯುತ್ತಾ ಫೋನ್ ತಿರುವಿದಳು. ಆರ್ಡರ್ ಮಾಡುವವರಿಗೆ ಅವಳು ಒಂದು ಪ್ರಶ್ನೆ ಇಟ್ಟಿದ್ದಳು: ಏನಂತ ಹುಡುಕಿ ಇಲ್ಲಿಗೆ ಬಂದಿರಿ? ಯಾವ ಮಾತಿಗೆ ಜನ ಬರುತ್ತಾರೆ ಅಂತ ಕಾಸಿಲ್ಲದೆ ತಿಳಿಯಲು ಅವಳು ಹೂಡಿದ ಉಪಾಯ ಅದು.

“ನೋಡಕ್ಕ, ಆ ಲೂಕೆ ಹುಡುಗಿ ‘ಮಳೆಗೆ ಮುಂಚಿನ ಇರುವೆ’ ಅಂತಾನೇ ಹುಡುಕಿದ್ಳಂತೆ. ಆ ಮಾತಿಗೆ ಇಡೀ ಲೋಕದಾಗೆ ನಾವೇ ಮೊದಲು! ನಾನ್ ಹೇಳ್ಲಿಲ್ವ?”

ನಿದಿಯಾಳ ಕೈಕಾಲು ತಣ್ಣಗಾದವು. ಆ ಹೆಸರು ಪೇಟೆಯದಲ್ಲ. ಇತೌಗ್ವಾದ ಬೇರೆ ಹೆಂಗಸರು ಅದನ್ನು ಏನೇನೋ ಅನ್ನುತ್ತಾರೆ. ಇರುವೆ ಅಂದದ್ದು ಅತ್ತೆಯ ಅಜ್ಜಿ. ಅಂದಿನಿಂದ ಆ ಒಂದು ಅಂಗಳದಲ್ಲಿ ಮಾತ್ರ ಅದು ಇರುವೆ. ಹೆಸರು, ಊರು, ಮುಖ ಎಲ್ಲ ಮುಚ್ಚಿಟ್ಟು ಗಂಡನ ಮನೆಯ ಅಂಗಳವನ್ನೇ ಬಿಚ್ಚಿ ಹರಡಿದ್ದಳು! ಪಾರ್ಸೆಲ್ ಮೇಲೆ ಎನ್ಕರ್ನಸಿಯೋನ್ ನಿಲ್ದಾಣದ ಮುದ್ರೆಯೂ ಇತ್ತು.

“ತೆಗಿ. ಈಗ್ಲೇ ತೆಗಿ ಅದನ್ನ.”

“ಯಾಕಕ್ಕ, ಏನಾಯ್ತು?”

ಆಗ ಹೇಳಿದಳು. ಮಿರ್ನಾ ನಗಲಿಲ್ಲ. ತಕ್ಷಣ ಹೆಸರು ತೆಗೆದಳು, ಆಮೇಲೆ ಸಣ್ಣ ದನಿಯಲ್ಲಿ, “ನಾವ್ ತೆಗೆದ್ರೂ ಸರ್ಚ್‌ನಲ್ಲಿ ಹಳೇದು ಇನ್ನೊಂದಷ್ಟು ದಿನ ಕಾಣ್ತಾ ಇರುತ್ತಕ್ಕ,” ಅಂದಳು.

ಆ ದಿನಗಳನ್ನು ನಿದಿಯಾ ಹೇಗೆ ಕಳೆದಳೋ ಆ ದೇವರಿಗೇ ಗೊತ್ತು. ಓಡಿಹೋಗೋಣವೆಂದರೆ ಇನ್ನೆಲ್ಲಿಗೆ? ನದಿ ದಾಟಿದರೆ ಬೇರೆ ದೇಶ.

ಒಂದು ಬೆಳಿಗ್ಗೆ ಮುಂದಿನ ಕೋಣೆಯಿಂದ ಬ್ಲಾಸಿದಮ್ಮ ಕೂಗಿದಳು: “ನಿದಿಯಾ! ಯಾರೋ ನಿನ್ನ ಕೇಳ್ಕೊಂಡು ಬಂದವ್ರೆ ಕಣೆ, ಇತೌಗ್ವಾದಿಂದ!”

ನೂಲು ಕತ್ತರಿಸುವ ಕತ್ತರಿ ಕೈಗೆ ಸಿಕ್ಕಿತು, ಅದನ್ನೇ ಹಿಡಿದು ಗೋಡೆಗೆ ಒರಗಿ ನಿಂತಳು. ಪರದೆ ಸರಿಸಿ ಒಳಗೆ ಬಂದದ್ದು ಸಿರಿಲೊ ಅಲ್ಲ. ಅತ್ತೆ ಪೆತ್ರೋನಾ! ಒಂದು ಗಂಟು ಕಂಕುಳಲ್ಲಿ, ಎಡಗಣ್ಣಿನ ಸುತ್ತ ಬದನೆಕಾಯಿಯ ಬಣ್ಣ.

“ಕತ್ತರಿ ಕೆಳಗಿಡೇ ತಾಯಿ. ನಾನು ಒಬ್ಳೇ ಬಂದಿದೀನಿ.”

“ಅತ್ತೆ... ಕಣ್ಣಿಗೇನಾಯ್ತು?”

“ಏನಾಗ್ತದೆ? ನೀನು ಹೋದೆ. ಅವನ ಕೈ ಸುಮ್ನಿರ್ತದಾ?” ಮುದುಕಿ ಚೌಕಟ್ಟಿನ ಪಕ್ಕ ಕುಸಿದು ಕೂತಳು. ತಾನು ಜ್ಞಾನಸ್ನಾನಕ್ಕೆ ತಾಯಿಯಾಗಿ ನಿಂತಿದ್ದ ಲೂಕೆಯ ದೇವರುಮಗಳ ಕೈಯಲ್ಲಿ ನೆನಪಾದಾಗಲೆಲ್ಲ ಹುಡುಕಿಸುತ್ತಿದ್ದಳಂತೆ. “ಸೊಸೆ ಬದುಕಿದ್ರೆ ಹೆಣೀದೆ ಇರೋಳಲ್ಲ, ಹೆಣೆದ್ರೆ ಇರುವೆ ಹೆಣೀದೆ ಇರೋಳಲ್ಲ ಅಂತ ಗೊತ್ತಿತ್ತು ನಂಗೆ. ಪಾರ್ಸೆಲ್ ಬಂತು. ಗಂಟು ನೋಡ್ತಿದ್ಹಂಗೇ ಅತ್ತುಬಿಟ್ಟೆ. ಅದರ ಮೇಲಿದ್ದ ಹೆಸರು ಹಿಡ್ಕೊಂಡು ನಿಲ್ದಾಣದಾಗೆ ಬ್ಲಾಸಿದಾ ಎಲ್ಲಿ ಅಂದೆ, ನಾಯಿ ಕೂಡ ದಾರಿ ತೋರಿಸ್ತು.”

ನಿದಿಯಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿದವು. ಈ ಹೆಂಗಸು ಅಷ್ಟು ವರ್ಷ ಪಕ್ಕದ ಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡವಳು. ಆದರೆ ಆ ಕಣ್ಣು ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ನೀರು ಕೊಟ್ಟಳು.

ನಾಲ್ಕಾರು ದಿನ ಇಬ್ಬರೂ ಒಂದೇ ಚೌಕಟ್ಟಿಗೆ ಎದುರುಬದುರು ಕೂತು ಹೆಣೆದರು. ಭಯ ಇನ್ನೇನು ಇಳಿಯಿತು ಅನ್ನುವಷ್ಟರಲ್ಲಿ ಮಿರ್ನಾ ಓಡೋಡಿ ಬಂದಳು. ಸೈಟಿಗೆ ಇನ್ನೊಂದು ಆರ್ಡರ್ ಬಂದಿತ್ತು. ಹೆಸರಿನ ಜಾಗ ಖಾಲಿ, ಊರಿನ ಜಾಗ ಖಾಲಿ, ಬೇಕಾದ ಕಸೂತಿಯ ಜಾಗವೂ ಖಾಲಿ. ಏನಂತ ಹುಡುಕಿ ಬಂದಿರಿ ಅನ್ನುವ ಕಡೆ ಮಾತ್ರ ಮೂರು ಪದ: ಮಳೆಗೆ ಮುಂಚಿನ ಇರುವೆ.

“ನಿಮ್ಮ ದೇವರುಮಗಳಾ, ಅತ್ತೆ?”

“ಅವಳಿಗೆ ಇನ್ನು ಹುಡುಕ್ಬೇಡ ಅಂತ ಹೇಳೇ ಬಂದಿದ್ದೆ.” ಪೆತ್ರೋನಾ ಸೂಜಿ ಕೆಳಗಿಟ್ಟಳು. “ಚಿಕ್ಕೋನಿದ್ದಾಗ ಚೌಕಟ್ಟಿನ ಕೆಳಗೇ ಆಡ್ಕೊಂಡು ಬೆಳೆದೋನು ಅವನು. ಎಲ್ಲ ಹೆಸರೂ ಗೊತ್ತು.”

ನಿದಿಯಾ ಆಗಲೇ ಗಂಟು ಕಟ್ಟತೊಡಗಿದ್ದಳು. ಯಾವ ಬಸ್ಸು, ಯಾವ ಊರು, ಒಂದೂ ಗೊತ್ತಿಲ್ಲ. ಕೈ ತಾನಾಗಿ ಬಟ್ಟೆ ತುರುಕುತ್ತಿತ್ತು. ಮುದುಕಿ ಬಂದು ಆ ಗಂಟಿನ ಮೇಲೆ ಕೈಯಿಟ್ಟಳು.

“ಎಷ್ಟು ಸಲ ಓಡ್ತೀಯ? ಬಾ.”

“ಎಲ್ಲಿಗೆ?”

“ಠಾಣೆಗೆ. ಬರೀ ಹೆಂಡ್ತಿ ಹೇಳಿದ್ರೆ ಗಂಡ ಹೆಂಡ್ತಿ ಜಗಳ ಅಂತಾರೆ. ಹೆತ್ತೋಳು ಹೇಳ್ತೀನಿ, ಅದೇನಂತಾರೋ ನೋಡೋಣ.”

ಠಾಣೆಯಲ್ಲಿ ಹೆಂಗಸರ ದೂರು ತೆಗೆದುಕೊಳ್ಳುವ ಮೇಜಿನ ಮುಂದೆ ಇಬ್ಬರೂ ಕೂತರು. ನಿದಿಯಾಳ ಕಣ್ಣೆಲ್ಲ ಬಾಗಿಲ ಕಡೆಗೇ ಇತ್ತು. ಬೂಟಿನ ಸದ್ದು ಕೇಳಿದಾಗಲೆಲ್ಲ ಬೆಚ್ಚಿ ತಿರುಗುತ್ತಿದ್ದಳು. ಪೊಲೀಸಮ್ಮ ಪೆತ್ರೋನಾಳ ಕಣ್ಣನ್ನು ನೋಡಿ, ದನಿ ತಗ್ಗಿಸಿ ಕೇಳಿದಳು:

“ಹೊಡೆದೋನು ಯಾರಮ್ಮ? ಹೆಸರು ಹೇಳಿ.”

ಪೆತ್ರೋನಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಇನ್ನು ಇವಳು ಹೇಳುವುದಿಲ್ಲ, ಎದ್ದು ಹೋಗುತ್ತಾಳೆ, ಎಷ್ಟಾದರೂ ಹೆತ್ತ ಕರುಳು ಅಂತ ನಿದಿಯಾಳಿಗೆ ಅನ್ನಿಸಿತು. ಮೇಜಿನ ಕೆಳಗೆ ಮುದುಕಿಯ ಕೈ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಆ ಕೈಯೂ ತನ್ನ ಕೈಯಷ್ಟೇ ತಣ್ಣಗಿತ್ತು.

“ಸಿರಿಲೊ,” ಅಂದಳು ಪೆತ್ರೋನಾ. “ನನ್ನ ಮಗ.”