ಮೂವತ್ತೊಂಬತ್ತು ವರ್ಷ ತಡವಾಗಿ ಬಂದ ಒಪ್ಪಿಗೆ

ಅಯೋವಾದ ಆ ವಿಶ್ವವಿದ್ಯಾಲಯದಲ್ಲಿ ಆರ್ಡಿಸ್ ಟಾಲೆಫ್‌ಸನ್‌ಗೆ ಹೆದರದವರು ಕಡಿಮೆ. ಗ್ರಂಥಾಲಯದ ನೆಲಮಾಳಿಗೆಯ ದಾಖಲೆ ಕೋಣೆಗೆ ಯಾರಾದರೂ ಪೆನ್ನು ಹಿಡಿದು ಬಂದರೆ ಬಾಗಿಲಲ್ಲೇ ಕಿತ್ತುಕೊಂಡು ಪೆನ್ಸಿಲ್ ಕೊಡುತ್ತಿದ್ದಳು. ಕುಲಪತಿಗಳನ್ನೂ ಬಿಟ್ಟಿರಲಿಲ್ಲ.

ಅವಳು ಅಲ್ಲಿಯೇ ಓದಿದವಳು, ಆದರೆ ಡಿಗ್ರಿ ಪಡೆದವಳಲ್ಲ. 1949ರ ವಸಂತದಲ್ಲಿ, ಕೊನೆಯ ಪರೀಕ್ಷೆಗೆ ಆರು ವಾರ ಇರುವಾಗ ಅವಳಪ್ಪ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡ. ಲ್ಯಾಟಿನ್ ಪುಸ್ತಕಗಳನ್ನು ಮೂಟೆ ಕಟ್ಟಿ ಹೊಲಕ್ಕೆ ಹೋದ ಹುಡುಗಿ ಹಸು ಕರೆದಳು, ಜೋಳ ಬಿತ್ತಿದಳು. ತಿಂಗಳೊಳಗೆ ಹೊಲ ಮಾರಿ ಮನೆಮಂದಿಯೆಲ್ಲ ಮಿನ್ನೆಸೋಟಾದ ಚಿಕ್ಕಪ್ಪನ ಮನೆ ಸೇರಿದರು. ಮುಂದೆ ಬಸ್ ಡ್ರೈವರ್ ಲಾಯ್ಡ್‌ನನ್ನು ಮದುವೆಯಾಗಿ ಅದೇ ಊರಿಗೆ ಮರಳಿ, ಅದೇ ವಿಶ್ವವಿದ್ಯಾಲಯದಲ್ಲಿ ಟೈಪಿಸ್ಟ್ ಆದಳು. ಅಲ್ಲಿಂದ ದಾಖಲೆ ಕೋಣೆಗೆ ಇಳಿದವಳು ಮತ್ತೆ ಮೇಲೆ ಹತ್ತಲೇ ಇಲ್ಲ.

1988ರಲ್ಲಿ ಹನ್ನೊಂದು ರಟ್ಟಿನ ಪೆಟ್ಟಿಗೆಗಳು ಬಂದವು. ವರ್ಷವರ್ಷವೂ ಒಂಬತ್ತೋ ಹತ್ತೋ ಮಂದಿ ಅತಿ ಜಾಣ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಗೌರವ ಸಂಘದ ಹಳೆಯ ಕಡತಗಳು ಅವು. ಸಂಘದ ಆ ವರ್ಷದ ಅಧ್ಯಕ್ಷೆ ಜೋಡಿ ಎಂಬ ಹುಡುಗಿಯೂ ವಿಂಗಡಿಸಲು ಜೊತೆಗೆ ಕುಳಿತಳು. ಸಭೆಯ ನಡಾವಳಿಗಳಲ್ಲಿ ಜಾಣರು ಸಮಾರಂಭದ ಮೇಣದಬತ್ತಿ ಬಿಳಿಯದಾಗಿರಬೇಕೋ ಹಳದಿಯದಾಗಿರಬೇಕೋ ಎಂದು ಮೂರು ವರ್ಷ ಜಗಳವಾಡಿದ್ದರು. ಇಬ್ಬರೂ ಓದಿ ಓದಿ ನಗುತ್ತಿದ್ದರು.

ಐದನೆಯ ಪೆಟ್ಟಿಗೆಯಲ್ಲಿ ಒಡೆಯದ ಲಕೋಟೆಯೊಂದು ಸಿಕ್ಕಿತು. ಮೇಲೆ 'ವಿಳಾಸದಾರರು ಇಲ್ಲ' ಎಂಬ 1949ರ ಅಂಚೆ ಮುದ್ರೆ.

"ಮಿಸ್ ಆರ್ಡಿಸ್ ಮೋ," ಎಂದು ಓದಿದಳು ಜೋಡಿ. "ಯಾರೋ ಪಾಪ, ಕಾಗದ ಸಿಕ್ಕೇ ಇಲ್ಲ. ನಿಮ್ಮದೇ ಹೆಸರು ನೋಡಿ!"

ಆರ್ಡಿಸ್ ಕುರ್ಚಿಯ ಮೇಲೆ ಧೊಪ್ಪನೆ ಕುಳಿತಳು. "ಹೆಸರಲ್ಲ ಕಣೇ, ನಾನೇ! ಮೋ ಅನ್ನೋದು ನನ್ನ ತೌರುಮನೆ ಹೆಸರು."

ಜೋಡಿ ಕಿರುಚಿದ ಸದ್ದಿಗೆ ಒಳಗಿನಿಂದ ಮೇಲಧಿಕಾರಿ ಹಾರ್ಲನ್ ಓಡಿ ಬಂದ. ಆರ್ಡಿಸ್ ಲಕೋಟೆಗೆ ಕೈ ಹಾಕಿದ್ದಳು.

"ತಡಿ, ತಡಿ! ಅದು ದಾಖಲೆ. ಚೀಟಿ ಬರೆಯದೆ ಯಾರೂ ಮುಟ್ಟೋ ಹಾಗಿಲ್ಲ."

"ನನಗೆ ಬಂದ ಕಾಗದ ಕಣೋ ಹಾರ್ಲನ್!"

"ಆ ನಿಯಮ ಮಾಡಿದೋಳು ಯಾರಮ್ಮ?"

ಆರ್ಡಿಸ್‌ಗೆ ಉಕ್ಕಿ ಬಂದ ನಗು ತಡೆಯಲಾಗಲಿಲ್ಲ. ಚೀಟಿ ಬರೆದು, ಓದುವವಳ ಜಾಗದಲ್ಲೂ ಅನುಮತಿ ಕೊಟ್ಟವಳ ಜಾಗದಲ್ಲೂ ತಾನೇ ಸಹಿ ಹಾಕಿ ಲಕೋಟೆ ಒಡೆದಳು. ಸಂಘ ಅವಳನ್ನು ಸದಸ್ಯೆಯಾಗಿ ಆರಿಸಿತ್ತು. 'ತಮ್ಮ ಅನುಕೂಲ ನೋಡಿಕೊಂಡು ಉತ್ತರಿಸಿ' ಎಂಬುದು ಕೊನೆಯ ಸಾಲು.

ಅಂದೇ ಟೈಪ್ ಮಾಡಿದಳು: 'ಈಗ ಅನುಕೂಲವಾಗಿದೆ. ಒಪ್ಪಿದ್ದೇನೆ.'

ಮನೆಯಲ್ಲಿ ಲಾಯ್ಡ್ ಕಾಗದವನ್ನು ಎರಡು ಸಲ ಓದಿದ. "ಇಷ್ಟು ವರ್ಷ ಇಂಥಾ ಜಾಣೆ ಜೊತೆ ಸಂಸಾರ ಮಾಡಿದ್ನಾ? ಮೊದಲೇ ಗೊತ್ತಿದ್ರೆ ವಾದ ಮಾಡೋಕೇ ಹೋಗ್ತಿರ್ಲಿಲ್ಲ ಕಣೇ."

ಸಂಘದ ನಿಯಮಾವಳಿಯನ್ನು ಜೋಡಿ ತಡಕಾಡಿ ನೋಡಿದಳು. ಉತ್ತರಕ್ಕೆ ಗಡುವು ಎಲ್ಲೂ ಇರಲಿಲ್ಲ. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಇಪ್ಪತ್ತರ ಪ್ರಾಯದ ಒಂಬತ್ತು ಮಂದಿಯ ಪಕ್ಕದಲ್ಲಿ ಅರವತ್ತರ ಆರ್ಡಿಸ್ ಕಪ್ಪು ನಿಲುವಂಗಿ ತೊಟ್ಟು ನಿಂತಳು. ನಿಲುವಂಗಿ ಎಷ್ಟು ಉದ್ದವಿತ್ತೆಂದರೆ ಜೋಡಿ ಹಿಂದಿನಿಂದ ಅದನ್ನು ಎತ್ತಿ ಹಿಡಿಯಬೇಕಾಯಿತು. ಎಲ್ಲರ ಕೈಗೂ ಲ್ಯಾಟಿನ್ ಪ್ರಮಾಣವಚನದ ಕಾರ್ಡು ಬಂತು. ಉಳಿದವರು ಗಂಭೀರವಾಗಿ ಓದತೊಡಗಿದರು. ಆರ್ಡಿಸ್ ಎರಡನೆಯ ಸಾಲಿಗೆ ಬಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜಗಳು ಕುಲುಕತೊಡಗಿದವು.

"ಏನಾಯ್ತು, ಹುಷಾರಿದ್ದೀರಾ?" ಎಂದಳು ಜೋಡಿ ಗಾಬರಿಯಿಂದ.

"ಇಲ್ಲಿ 'ವೇರುಮ್' ಅಂತ ಇರಬೇಕು, ಸತ್ಯ ಅಂತ. ಯಾರೋ 'ವೆರ್ರೆಮ್' ಅಂತ ಟೈಪ್ ಮಾಡಿದ್ದಾರೆ. ಹಂಗಂದ್ರೆ ಗಂಡುಹಂದಿ! ನೀವೆಲ್ಲ ಬದುಕಿರೋವರೆಗೂ ಗಂಡುಹಂದಿ ಹುಡುಕ್ತೀವಿ ಅಂತ ಆಣೆ ಇಡ್ತಿದ್ದೀರ ಕಣ್ರೋ!"

ಹಿಂದಿನ ಸಾಲಿನಲ್ಲಿದ್ದ, ಹಂದಿ ಸಾಕುವ, ವಿದ್ಯಾರ್ಥಿಯೊಬ್ಬನ ಅಪ್ಪ ಮೊದಲು ನಕ್ಕ. "ನಮ್ಮನೇಲಿ ನಲವತ್ತಿವೆ, ಹುಡುಕೋದೇ ಬೇಡ, ಬನ್ನಿ!" ಅಲ್ಲಿಂದ ಮುಂದೆ ಯಾರನ್ನೂ ಹಿಡಿಯಲಾಗಲಿಲ್ಲ. ಡೀನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಲಾಯ್ಡ್ ಕುರ್ಚಿಯಿಂದಲೇ ಜಾರಿದ.

ಮರುದಿನ ಕಡತ ನೋಡಿದಾಗ ತಪ್ಪು ನುಸುಳಿದ್ದು 1957ರಲ್ಲಿ ಎಂದು ತಿಳಿಯಿತು. ತಿದ್ದಬೇಕೋ ಬೇಡವೋ ಎಂದು ಹೊಸ ಸದಸ್ಯರ ಸಭೆ ಸೇರಿತು. ಹಂದಿಯ ಪರವಾಗಿ ಒಂಬತ್ತು ಮತ, ಸತ್ಯದ ಪರವಾಗಿ ಆರ್ಡಿಸ್‌ಳದು ಒಂದೇ ಮತ. ಸೋತವಳನ್ನೇ ಕಾರ್ಯದರ್ಶಿಯಾಗಿ ಆರಿಸಿದರು. ನಿವೃತ್ತಿಯ ನಂತರವೂ ಹನ್ನೆರಡು ವರ್ಷ ಅವಳೇ ನಡಾವಳಿ ಬರೆದಳು, ಪ್ರತಿ ಸಭೆಗೂ ರೂಬಾರ್ಬ್ ಎಂಬ ಹುಳಿದಂಟು ತುಂಬಿದ ಸಿಹಿ ಪೈ ಬೇಯಿಸಿ ತಂದಳು, ಪ್ರತಿ ವರ್ಷವೂ ತಿದ್ದುಪಡಿ ಮಂಡಿಸಿದಳು, ಪ್ರತಿ ವರ್ಷವೂ ಸಂತೋಷದಿಂದ ಸೋತಳು.